ರೀಫ್ ಟ್ಯಾಂಕಿಗೆ ತೂಬೂ ಬೇಕು, ಕೋಡಿಯೂ ಬೇಕು

ಪ್ರಶ್ನೆ: ನಾನು ಧಾರವಾಡದವನು. ಮೂರು ವರ್ಷದಿಂದ ಮನೆಯಲ್ಲಿ 3 ಅಡಿಯ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಟ್ಯಾಂಕ್, ಇಟ್ಟಿದ್ದೇನೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಮೆದು ಹವಳ ಇವೆ. ಕೆಳಗಿನ ಸಂಪಿಗೆ (ನೀರು ಶುದ್ಧವಾಗಿ ಪಂಪಿನಿಂದ ಮತ್ತೆ ಮೇಲೆ ಹೋಗುವ ತೊಟ್ಟಿಗೆ) ನೀರು ಇಳಿಯುವುದು ಒಂದೇ 1 ಇಂಚಿನ ಪೈಪಿನಲ್ಲಿ. ರಾತ್ರಿಯಿಡೀ ಗುಳುಗುಳು ಸದ್ದು. ಹೋದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಎರಡು ಸಲ ನೆಲವೆಲ್ಲ ಉಪ್ಪುನೀರಾಯಿತು. ಈಗ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಹೊಸ ಟ್ಯಾಂಕ್ ಮಾಡಿಸುತ್ತಿದ್ದೇನೆ. ಮೂರು ಡ್ರೈನ್ ಬೇಕು ಎಂದು ಓದಿದ್ದೇನೆ. ಗಾಜಿನ ಅಂಗಡಿಯವರು "ಎರಡು ಸಾಕು, ತೂತು ಹೆಚ್ಚಾದಷ್ಟೂ ಲೀಕೇಜ್ ಹೆಚ್ಚು" ಅನ್ನುತ್ತಾರೆ. ಯಾರ ಮಾತು ಕೇಳಲಿ? ಪೈಪು ಎಷ್ಟು ದಪ್ಪ ಇರಬೇಕು, ವಾಲ್ವ್ ಯಾವುದು, ಸಂಪಿನಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕು?

ಉತ್ತರ: ಮೂರು ತೂತು ಹಾಕಿಸಿ. ಗಾಜಿನವರ ಅನುಮಾನ ಸುಳ್ಳೇನಲ್ಲ, ಪ್ರತಿ ತೂತೂ ಮುಂದೊಂದು ದಿನ ಸೋರಬಹುದಾದ ಜಾಗವೇ. ಆದರೆ ತೂತಿಗೆ ಪೈಪನ್ನು ಜೋಡಿಸುವ ನಿಪ್ಪಲ್ಲಿನ ವಾಷರ್ ಸೋರಿದರೆ ಹನಿಹನಿಯಾಗಿ ಸೋರುತ್ತದೆ, ನೀವು ಕಂಡು ಸರಿಪಡಿಸುವಷ್ಟು ಪುರುಸೊತ್ತು ಕೊಡುತ್ತದೆ. ಡ್ರೈನ್ ಕಟ್ಟಿಕೊಂಡರೆ ಹಾಗಲ್ಲ. ಗಂಟೆಗೆ 3,000 ಲೀಟರ್ ಎತ್ತುವ ಪಂಪು ನಿಮಿಷಕ್ಕೆ 50 ಲೀಟರಿನಂತೆ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ನೀವು ನಿದ್ದೆಯಿಂದೆದ್ದು ಲೈಟ್ ಹಾಕುವಷ್ಟರಲ್ಲಿ ಕಾಲಿಗೆ ನೀರು ತಾಗಿರುತ್ತದೆ.

ನಮ್ಮ ಊರುಗಳ ಕೆರೆ ನೆನಪಿಸಿಕೊಳ್ಳಿ. ಗದ್ದೆಗೆ ನೀರು ಬಿಡಲು ತೂಬು ಇರುತ್ತದೆ, ಅದನ್ನು ಎಷ್ಟು ತೆರೆಯಬೇಕೆಂದು ನೀರಗಂಟಿ ನೋಡಿಕೊಳ್ಳುತ್ತಾನೆ. ಕೆರೆ ತುಂಬಿದಾಗ ಹೆಚ್ಚಾದ ನೀರು ತಾನಾಗಿ ಹೊರಗೆ ಹೋಗಲು ಕೋಡಿ ಇರುತ್ತದೆ. ತೂಬಿಗೆ ಬಾಗಿಲುಂಟು, ಕೋಡಿಗೆ ಬಾಗಿಲಿಡುವವರು ಯಾರೂ ಇಲ್ಲ. ಕೋಡಿಯಲ್ಲಿ ಕಸ ಕಟ್ಟಿದರೆ ಏರಿಯೇ ಒಡೆಯುತ್ತದೆಂದು ಊರಿಗೆಲ್ಲ ಗೊತ್ತು. ನಿಮ್ಮ ಹಳೆಯ ಟ್ಯಾಂಕು ಒಂದೇ ತೂಬಿನ, ಕೋಡಿಯಿಲ್ಲದ ಕೆರೆ. ಸದ್ದು, ನೆಲದ ಮೇಲಿನ ನೀರು ಎರಡಕ್ಕೂ ಅದೇ ಕಾರಣ.

ಮೊದಲು ಸದ್ದಿನ ವಿಷಯ. 1 ಇಂಚಿನ ಪೈಪಿನಲ್ಲಿ ಅದರ ಶಕ್ತಿಗಿಂತ ಕಡಿಮೆ ನೀರು ಬಿದ್ದರೆ ಅದು ಜೊತೆಗೆ ಗಾಳಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಬಚ್ಚಲಿನ ನೀರು ಕೊನೆಗೆ ಗೊಟಗೊಟ ಎಂದು ಇಳಿಯುತ್ತದಲ್ಲ, ಅದೇ ಸದ್ದು ನಿಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತಿದೆ. ಪೈಪಿನಲ್ಲಿ ಗಾಳಿಯೇ ಇಲ್ಲದೆ ಬಾಯಿಂದ ತುದಿಯವರೆಗೆ ನೀರೇ ತುಂಬಿದ್ದರೆ ಸದ್ದಿಗೆ ಕಾರಣವೇ ಉಳಿಯುವುದಿಲ್ಲ. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಟ್ಯೂಬಿನಲ್ಲಿ ಎಳೆದು ಕ್ಯಾನಿಗೆ ಇಳಿಸುವುದನ್ನು ನೋಡಿರುತ್ತೀರಿ. ಒಮ್ಮೆ ಹರಿಯಲು ಶುರುವಾದರೆ ಸದ್ದಿಲ್ಲದೆ ಹರಿಯುತ್ತದೆ. ಅದೇ ಸೈಫನ್. ಅದರ ವೇಗವೂ ಹೆಚ್ಚು. ಅರೆತುಂಬಿದ 1 ಇಂಚಿನ ಪೈಪು ಗಂಟೆಗೆ 1,500 ಲೀಟರಿಗೇ ಗಲಾಟೆ ಶುರುಮಾಡುತ್ತದೆ. ಅದೇ ಪೈಪು ಪೂರ್ತಿ ತುಂಬಿ, ಮೇಲಿನ ನೀರಿಗೂ ಸಂಪಿನ ನೀರಿಗೂ 90 ಸೆಂ.ಮೀ. ಅಂತರವಿದ್ದರೆ 3,000 ಲೀಟರಿಗೂ ಹೆಚ್ಚನ್ನು ನಿಶ್ಶಬ್ದವಾಗಿ ಇಳಿಸುತ್ತದೆ.

ತೊಡಕು ಏನೆಂದರೆ, ಸೈಫನ್ ಪೈಪಿಗೆ ಇಳಿಯುವ ನೀರು ಪಂಪು ಎತ್ತುವ ನೀರಿಗೆ ಸರಿಯಾಗಿ ಹೊಂದಬೇಕು. ಹೆಚ್ಚು ಇಳಿದರೆ ಗಾಳಿ ಎಳೆಯುತ್ತದೆ, ಕಡಿಮೆ ಇಳಿದರೆ ಮೇಲೆ ನೀರು ಏರುತ್ತದೆ. ಎಷ್ಟೇ ಜಾಣತನದಿಂದ ವಾಲ್ವ್ ತಿರುಗಿಸಿದರೂ ನೂರಕ್ಕೆ ನೂರು ಹೊಂದಿಸಲು ಆಗುವುದಿಲ್ಲ. ಇವತ್ತು ಹೊಂದಿದ್ದು ಹದಿನೈದು ದಿನ ಬಿಟ್ಟು ನೀರನ್ನು ಸಂಪಿನಿಂದ ಮೇಲಕ್ಕೆ ತರುವ ರಿಟರ್ನ್ ಪೈಪಿನಲ್ಲಿ ಪಾಚಿ ಕಟ್ಟಿದಾಗ ಹೊಂದುವುದಿಲ್ಲ. ಎರಡನೆಯ ಪೈಪು ಇರುವುದು ಇದಕ್ಕಾಗಿ. ಸೈಫನ್ ಪೈಪಿನ ವಾಲ್ವನ್ನು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಬಿಗಿಯಾಗಿಟ್ಟು, ಮಿಕ್ಕ ಸ್ವಲ್ಪ ನೀರು ಎರಡನೆಯ ಪೈಪಿನ ಒಳಗೋಡೆಗೆ ಅಂಟಿಕೊಂಡು ತೆಳುವಾಗಿ ಇಳಿಯುವಂತೆ ಮಾಡುತ್ತೇವೆ. ಪಂಪಿನ ಹರಿವು ಕೊಂಚ ಹೆಚ್ಚು ಕಡಿಮೆಯಾದರೂ ಈ ಪೈಪು ಅದನ್ನು ನುಂಗಿಕೊಳ್ಳುತ್ತದೆ, ಸದ್ದೂ ಇರುವುದಿಲ್ಲ. ಮೂರನೆಯದು ಕೋಡಿ. ಅದು ಸದಾ ಒಣಗಿರಬೇಕು.

ಈ ಮೂರು ಪೈಪಿನ ಕ್ರಮವನ್ನು ಹವ್ಯಾಸಿಗಳು ಬೀನ್‌ಅನಿಮಲ್ ಎಂದು ಕರೆಯುತ್ತಾರೆ. ಸೈಫನ್ ಒಂದು, ತುರ್ತಿನದು ಒಂದು ಇರುವ ಎರಡು ಪೈಪಿನ ಕ್ರಮ ಹರ್ಬಿ. ಒಂಟಿ ಪೈಪಿನ ತಲೆಗೆ T ಆಕಾರದ ಜೋಡಣೆ (ಟೀ) ಕೂರಿಸಿ ಗಾಳಿಗೆ ಸಣ್ಣ ತೂತು ಬಿಟ್ಟದ್ದು ಡುರ್ಸೊ. ನಿಮ್ಮ ಅಂಗಡಿಯವರು ಎರಡು ಸಾಕೆಂದಾಗ ಬಹುಶಃ ಹರ್ಬಿಯೇ ಅವರ ಮನಸ್ಸಿನಲ್ಲಿದ್ದಿರಬೇಕು. ಅದು ಕೆಟ್ಟ ಕ್ರಮವಲ್ಲ, ಜಾಗವಿಲ್ಲದ ಸಣ್ಣ ಟ್ಯಾಂಕಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ಸೈಫನ್ ಅಷ್ಟೇ ಸಲ ನಿಂತು ಮತ್ತೆ ಶುರುವಾಗಬೇಕು. ಶುರುವಾಗುವ ಮೊದಲ ಒಂದೆರಡು ನಿಮಿಷ ನೀರು ಏರಿಳಿಯುತ್ತದೆ. ಆ ಹೊತ್ತಿನಲ್ಲಿ ಒಂದು ಪೈಪಿನ ಬದಲು ಎರಡು ಪೈಪು ಕಾಯುತ್ತಿದ್ದರೆ ನಿಮಗೂ ನೆಮ್ಮದಿ, ಮನೆಯವರಿಗೂ ನೆಮ್ಮದಿ.

ಈಗ ಅಳತೆಗೆ ಬರೋಣ. ಹಿಂಬದಿಯ ಗಾಜಿನ ನಡುವೆ, ಟ್ಯಾಂಕಿನ ಒಳಗೆ, 40 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ಮೇಲಿನ ನೀರು ಉಕ್ಕಿ ಬೀಳುವ ಗೂಡು) ಕಟ್ಟಿಸಿ, ಅದರ ತಳದಲ್ಲಿ ಮೂರು ತೂತು ಹಾಕಿಸಿ. ರಿಟರ್ನ್ ಪೈಪಿಗೆ ನಾಲ್ಕನೆಯ ತೂತು ಬೇಡ, ಅದನ್ನು ಹಿಂದಿನ ಗಾಜಿನ ಅಂಚಿನ ಮೇಲಿಂದ ಒಳಗೆ ಬಗ್ಗಿಸಿ. ಗಾಜಿನವರ ಕಾಳಜಿಗೂ ಇದರಿಂದ ಅಷ್ಟು ಸಮಾಧಾನವಾಗುತ್ತದೆ. ತಳದ ಗಾಜು ಟಫನ್ ಮಾಡಿದ್ದಲ್ಲ ಎಂದು ಮೊದಲೇ ಖಚಿತಪಡಿಸಿಕೊಳ್ಳಿ, ಟಫನ್ ಗಾಜಿಗೆ ಡ್ರಿಲ್ ತಾಗಿಸಿದರೆ ಪುಡಿಪುಡಿಯಾಗುತ್ತದೆ. ತೂತಿನ ಅಂಚಿಗೂ ಗಾಜಿನ ಅಂಚಿಗೂ, ಒಂದು ತೂತಿಗೂ ಇನ್ನೊಂದಕ್ಕೂ, ತೂತಿನ ವ್ಯಾಸದಷ್ಟಾದರೂ ಅಂತರ ಇರಲಿ. 15 ಸೆಂ.ಮೀ. ಅಗಲದಲ್ಲಿ ಅಷ್ಟು ಜಾಗ ಸಿಗದಿದ್ದರೆ ಬಾಕ್ಸನ್ನು ದೊಡ್ಡದು ಮಾಡಿ, ಅಂತರ ಕಡಿಮೆ ಮಾಡಬೇಡಿ.

ಎತ್ತರಗಳನ್ನು ಟ್ಯಾಂಕಿನ ಮೇಲಂಚಿನಿಂದ ಕೆಳಕ್ಕೆ ಅಳೆಯೋಣ. ಟ್ಯಾಂಕಿನ ನೀರು ಒಳಗೆ ಹೊರಳುವ, ಬಾಕ್ಸಿನ ಮೇಲಂಚಿನ ಹಲ್ಲುಗಳ ಬುಡ 4 ಸೆಂ.ಮೀ. ಕೆಳಗೆ. ಕೋಡಿ ಪೈಪಿನ ಬಾಯಿ 6 ಸೆಂ.ಮೀ. ಕೆಳಗೆ. ಎರಡನೆಯ ಪೈಪಿನ ತಲೆಯಿಂದ ಹೊರಡುವ ಸಣ್ಣ ಗಾಳಿ ಟ್ಯೂಬಿನ ತುದಿ 8 ಸೆಂ.ಮೀ. ಕೆಳಗೆ. ಎರಡನೆಯ ಪೈಪಿಗೆ ನೀರು ಹೊರಳುವ ಮಟ್ಟ 10 ಸೆಂ.ಮೀ. ಕೆಳಗೆ, ಬಾಕ್ಸಿನ ದಿನನಿತ್ಯದ ನೀರಿನ ಮಟ್ಟವೂ ಇದೇ. ಸೈಫನ್ ಪೈಪಿನ ಬಾಯಿ 20 ಸೆಂ.ಮೀ. ಕೆಳಗೆ, ನೀರೊಳಗೆ ಚೆನ್ನಾಗಿ ಮುಳುಗಿರಬೇಕು. ಬಾಯಿ ಮೇಲಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ.

ಆ ಗಾಳಿ ಟ್ಯೂಬಿನ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಇಡೀ ವ್ಯವಸ್ಥೆಯ ಜಾಣ್ಮೆ ಇರುವುದೇ ಅಲ್ಲಿ. ಎರಡನೆಯ ಪೈಪಿನ ತಲೆಗೆ ಕೆಳಕ್ಕೆ ಬಾಗಿದ ಎಲ್ಬೋ ಕೂರಿಸಿ, ಅದರ ನೆತ್ತಿಯಲ್ಲಿ ತೂತು ಮಾಡಿ, ಏರ್ ಪಂಪಿಗೆ ಬಳಸುವ ಸಣ್ಣ ಟ್ಯೂಬನ್ನು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಮಟ್ಟಕ್ಕಿಂತ 2 ಸೆಂ.ಮೀ. ಮೇಲೆ ನಿಲ್ಲಿಸುತ್ತೇವೆ. ದಿನವೂ ಅದರಿಂದ ಗಾಳಿ ಒಳಗೆ ಹೋಗುತ್ತಿರುತ್ತದೆ, ಆದ್ದರಿಂದ ಎರಡನೆಯ ಪೈಪು ಸೈಫನ್ ಆಗುವುದಿಲ್ಲ. ಸೈಫನ್ ಪೈಪಿಗೆ ಏನೋ ಸಿಕ್ಕಿಕೊಂಡಿತೆನ್ನಿ. ಬಾಕ್ಸಿನಲ್ಲಿ ನೀರು ಏರುತ್ತದೆ, ಟ್ಯೂಬಿನ ತುದಿ ಮುಳುಗುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಆ ಕ್ಷಣದಿಂದ ಎರಡನೆಯ ಪೈಪೇ ಸೈಫನ್ ಆಗಿ ಪೂರ್ತಿ ನೀರನ್ನು ಎಳೆಯಲು ತೊಡಗುತ್ತದೆ. ನೀರು ಇಳಿದು ಟ್ಯೂಬಿಗೆ ಗಾಳಿ ಸಿಕ್ಕಿತೋ ಗರ್ ಎಂದು ಬಿಡುತ್ತದೆ, ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಆ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ, ಹಾಗೆ ಕೇಳಿಸಲೇಬೇಕು. ಕರೆಂಟಿಲ್ಲದೆ, ಸೆನ್ಸರ್ ಇಲ್ಲದೆ ಕೆಲಸ ಮಾಡುವ ಅಲಾರಂ ಅದು. ಎರಡನೆಯದೂ ಕಟ್ಟಿಕೊಂಡರೆ ನೀರು ಇನ್ನೂ 2 ಸೆಂ.ಮೀ. ಏರಿ ಕೋಡಿಗೆ ಬೀಳುತ್ತದೆ.

ಎರಡನೆಯ, ಮೂರನೆಯ ಪೈಪಿಗೆ ವಾಲ್ವ್ ಹಾಕಬೇಡಿ. "ಇರಲಿ, ಮುಂದೆ ಬೇಕಾದೀತು" ಎಂದೂ ಹಾಕಬೇಡಿ. ಕ್ಲೀನ್ ಮಾಡುವಾಗ ಯಾರೋ ಮುಚ್ಚಿ ತೆರೆಯಲು ಮರೆತರೆ ಅಷ್ಟಕ್ಕೇ ಕೆಲಸ ಕೆಟ್ಟಿತು.

ಪೈಪಿನ ದಪ್ಪ: ಮೂರಕ್ಕೂ ಒಂದೂಕಾಲು ಇಂಚು. ನಿಮ್ಮ ಟ್ಯಾಂಕಿನಲ್ಲಿ ಸುಮಾರು 400 ಲೀಟರ್ ನೀರಿರುತ್ತದೆ, ಗಂಟೆಗೆ 2,500ರಿಂದ 3,000 ಲೀಟರ್ ಸಂಪಿಗೆ ಹೋಗಿ ಬಂದರೆ ಧಾರಾಳವಾಯಿತು. ಹವಳಗಳಿಗೆ ಬೇಕಾದ ಅಲೆಯನ್ನು ಟ್ಯಾಂಕಿನೊಳಗಿನ ವೇವ್‌ಮೇಕರ್ ಕೊಡಲಿ, ಅದನ್ನು ರಿಟರ್ನ್ ಪಂಪಿನಿಂದ ಬಯಸಬೇಡಿ. ಪಂಪಿನ ಪೆಟ್ಟಿಗೆಯ ಮೇಲೆ ಬರೆದಿರುವ ಲೀಟರ್ ಲೆಕ್ಕ ಎತ್ತರವೇ ಇಲ್ಲದಾಗಿನದು, ಒಂದೂವರೆ ಮೀಟರ್ ಎತ್ತಿಸಿದರೆ ಅದು ಎಷ್ಟೋ ಇಳಿದುಬಿಡುತ್ತದೆ. ಆದ್ದರಿಂದ 20 ಲೀಟರಿನ ಬಕೆಟನ್ನು ಟ್ಯಾಂಕಿನ ಎತ್ತರದಲ್ಲೇ ಹಿಡಿದು ತುಂಬಿಸಿ ನೋಡಿ. 24 ಸೆಕೆಂಡಿಗೆ ತುಂಬಿದರೆ ಗಂಟೆಗೆ 3,000 ಲೀಟರ್. 1 ಇಂಚಿನ ಸೈಫನ್ ಇಷ್ಟನ್ನು ಇಳಿಸಬಲ್ಲುದು, ಆದರೆ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ತೆರೆದಿರಬೇಕಾಗುತ್ತದೆ, ಮುಂದೆ ಪೈಪಿನೊಳಗೆ ಸುಣ್ಣದ ಕೊಳವೆ ಹುಳುಗಳು ಕಟ್ಟಿಕೊಂಡಾಗ ಎಡೆ ಉಳಿಯುವುದಿಲ್ಲ. 2 ಇಂಚಿನದಾದರೆ ವಾಲ್ವನ್ನು ಬಹುಪಾಲು ಮುಚ್ಚಿ ಇಡಬೇಕಾಗಿ, ಆ ಸಂದಿನಲ್ಲೇ ಕಸ ಸಿಕ್ಕಿಕೊಳ್ಳುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಎಚ್ಚರ. ನಮ್ಮಲ್ಲಿ ಎರಡು ಅಳತೆಯ ಪೈಪುಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಮನೆ ಪ್ಲಂಬಿಂಗಿನ ಬಿಳಿ ಯುಪಿವಿಸಿ ಒಂದೂಕಾಲು ಇಂಚಿನ ಪೈಪಿನ ಹೊರವ್ಯಾಸ 42.2 ಮಿ.ಮೀ. ತೋಟಕ್ಕೆ ಹಾಕುವ ಬೂದು ಬಣ್ಣದ ಪೈಪನ್ನು ಅಂಗಡಿಯವರು ಒಂದೂಕಾಲು ಎಂದೇ ಕೊಟ್ಟರೂ ಅದು 40 ಮಿ.ಮೀ. ಕೆನೆ ಬಣ್ಣದ ಸಿಪಿವಿಸಿಯದು ಮತ್ತೊಂದೇ ಲೆಕ್ಕ. ಒಂದರ ಪೈಪನ್ನು ಇನ್ನೊಂದರ ಫಿಟ್ಟಿಂಗಿಗೆ ಸಾಲ್ವೆಂಟ್ ಬಳಿದು ಕೂರಿಸಿದರೆ ಅಂಟಿದಂತೆ ಕಾಣುತ್ತದೆ, ಎರಡು ತಿಂಗಳಿಗೆ ಬಿಡುತ್ತದೆ. ನಾನು ಒಮ್ಮೆ ಹೀಗೆ ಬೂದು ಬಣ್ಣದ ಪೈಪಿಗೆ ಬಿಳಿ ಎಲ್ಬೋ ಕೂರಿಸಿದ ಕಡೆ ಅಕ್ಕಿಕಾಳಿನಷ್ಟು ಉಪ್ಪಿನ ಗಂಟು ಕಟ್ಟಿದ್ದನ್ನು ಕಂಡೆ. ಬೆರಳಿನಿಂದ ಒರೆಸಿದರೆ ಮರುದಿನ ಮತ್ತೆ ಅಷ್ಟೇ ಗಂಟು. ಮೂರನೆಯ ದಿನ ಎಲ್ಬೋವನ್ನು ಮೆಲ್ಲಗೆ ತಿರುಗಿಸಿದೆ, ಅಂಟಿಲ್ಲದ ಮುಚ್ಚಳದಂತೆ ಕೈಗೇ ಬಂತು. ಆದ್ದರಿಂದ ಪೈಪು, ಎಲ್ಬೋ, ಯೂನಿಯನ್ (ಬೇಕಾದಾಗ ಬಿಚ್ಚಬಹುದಾದ ಜೋಡಣೆ), ಟ್ಯಾಂಕ್ ನಿಪ್ಪಲ್ ಎಲ್ಲವನ್ನೂ ಒಂದೇ ಕಂಪನಿಯ ಒಂದೇ ಬಗೆಯದನ್ನು ಕೊಳ್ಳಿ. ನಿಪ್ಪಲ್ ಕೈಗೆ ಬಂದ ಮೇಲೆ ಅದರ ಥ್ರೆಡ್ಡಿನ ವ್ಯಾಸ ಅಳೆದು ಗಾಜಿನವರಿಗೆ ತೂತಿನ ಅಳತೆ ಕೊಡಿ. ತೂತು ಮೊದಲು, ನಿಪ್ಪಲ್ ಆಮೇಲೆ ಎಂದು ಹೋದವರು ಒದ್ದಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ವಾಲ್ವ್: ಸೈಫನ್ ಪೈಪಿಗೆ ಗೇಟ್ ವಾಲ್ವೇ ಬೇಕು, ಅದೂ ಪೂರ್ತಿ ಪ್ಲಾಸ್ಟಿಕ್ಕಿನದು. ಗೇಟ್ ವಾಲ್ವ್ ಕೇಳಿದರೆ ಅಂಗಡಿಯವರು ಕೈಗೆ ಕೊಡುವುದು ಹಿತ್ತಾಳೆ ಅಥವಾ ಗನ್‌ಮೆಟಲ್ಲಿನದು. ಮನೆಯ ನೀರಿಗೆ ಅದು ಒಳ್ಳೆಯ ವಾಲ್ವ್, ಉಪ್ಪುನೀರಿಗೆ ಮಾತ್ರ ಬೇಡವೇ ಬೇಡ. ಅದರ ತಾಮ್ರ ಉಪ್ಪುನೀರಿನಲ್ಲಿ ಕರಗುತ್ತದೆ. ಮೀನು ಸ್ವಲ್ಪ ಮಟ್ಟಿಗೆ ತಡೆದುಕೊಂಡರೂ ಸೀಗಡಿ, ಬಸವನಹುಳು, ಹವಳ ಸಾಯುತ್ತವೆ. ತೋಟದ ಪೈಪಿಗೆ ಹಾಕುವ ಪ್ಲಾಸ್ಟಿಕ್ ಬಾಲ್ ವಾಲ್ವ್ ಎಲ್ಲೆಡೆ ಸಿಗುತ್ತದೆ, ಆದರೆ ಅದರ ಹಿಡಿ ಕಾಲು ಸುತ್ತಿಗೇ ಪೂರ್ತಿ ಮುಚ್ಚುತ್ತದೆ. ನಮಗೆ ಬೇಕಾದದ್ದು ಕೂದಲೆಳೆಯ ಹೊಂದಾಣಿಕೆ. ಹಲವು ಸುತ್ತು ತಿರುಗುವ ಗೇಟ್ ವಾಲ್ವಿನಲ್ಲಿ ಅದು ಸಲೀಸು. ಉಪ್ಪುನೀರಿನ ಸಾಮಾನು ಮಾರುವವರಲ್ಲಿ ಪ್ಲಾಸ್ಟಿಕ್ ಗೇಟ್ ವಾಲ್ವ್ ತರಿಸಿಕೊಳ್ಳಬಹುದು. ಬೆಲೆ ಜಾಸ್ತಿಯೇ, ಆದರೂ ಉಳಿತಾಯವನ್ನು ಇದರಲ್ಲಿ ಮಾಡಬೇಡಿ. ವಾಲ್ವನ್ನು ಸಂಪಿನ ಹತ್ತಿರ, ಎಷ್ಟು ಕೆಳಗೆ ಸಾಧ್ಯವೋ ಅಷ್ಟು ಕೆಳಗೆ ಕೂರಿಸಿ. ಕೆಳಗೆ ತಡೆದರೆ ಮೇಲಿನ ಪೈಪೆಲ್ಲ ನೀರಿನ ಒತ್ತಡದಲ್ಲಿರುತ್ತದೆ. ಮೇಲೆ ತಡೆದರೆ ಅದರ ಕೆಳಗಿನ ಪೈಪು ಹೀರಲು ತೊಡಗಿ, ಸಣ್ಣ ಸಂದಿದ್ದರೂ ಗಾಳಿ ಎಳೆದು ಹಿಸ್ ಎನ್ನುತ್ತದೆ.

ಪೈಪು ಇಳಿಸುವಾಗ ಅಡ್ಡ ಓಟ ಬೇಡ. ತಿರುಗಿಸಲೇಬೇಕಾದ ಕಡೆ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಹಾಕಿ. ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ 2 ಸೆಂ.ಮೀ.ಗಿಂತ ಹೆಚ್ಚು ಮುಳುಗಬಾರದು. ಕರೆಂಟ್ ಬಂದು ಪಂಪು ಶುರುವಾದಾಗ ಪೈಪಿನೊಳಗಿನ ಗಾಳಿ ಆ ತುದಿಯಿಂದಲೇ ಹೊರಗೆ ಹೋಗಬೇಕು. ತುದಿ ಆಳದಲ್ಲಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಂಡು ಸೈಫನ್ ಹಿಡಿಯುವುದೇ ಇಲ್ಲ. "ಕರೆಂಟ್ ಬಂದ ಮೇಲೆ ಉಕ್ಕುತ್ತದೆ" ಎನ್ನುವ ಟ್ಯಾಂಕುಗಳಲ್ಲಿ ನಾನು ಮೊದಲು ನೋಡುವುದು ಈ ತುದಿಯನ್ನೇ. ಕರೆಂಟ್ ಹೋದಾಗ ಸಂಪಿನ ನೀರು ಏರುತ್ತದಾದ್ದರಿಂದ ಆ ಏರಿದ ಮಟ್ಟದಲ್ಲೂ ಸೈಫನ್ ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಸಂಪಿನಲ್ಲಿ ಡ್ರೈನ್ ಬೀಳುವ ಖಾನೆಯನ್ನು ಆದಷ್ಟು ಅಗಲವಾಗಿ ಮಾಡಿಸುವುದು ಇದಕ್ಕೇ. ಕೋಡಿ ಪೈಪಿನ ತುದಿ ಮಾತ್ರ ನೀರಿಗಿಂತ ಮೇಲಿರಲಿ, ನೀರು ಬಿದ್ದರೆ ಧೋ ಎಂದು ಕೇಳಲಿ.

ನಿಪ್ಪಲ್ಲಿನ ರಬ್ಬರ್ ವಾಷರ್ ಟ್ಯಾಂಕಿನ ಒಳಗೆ, ಅಗಲ ತಲೆಯ ಕೆಳಗೆ ಬರಬೇಕು. ನಟ್ಟನ್ನು ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು ಸಾಕು. ವಾಷರಿಗೆ ಸಿಲಿಕಾನ್ ಬಳಿಯಬೇಡಿ, ಜಾರಿ ಪಕ್ಕಕ್ಕೆ ಸರಿಯುತ್ತದೆ. ಬಾಕ್ಸಿನೊಳಗಿನ ಎಲ್ಬೋಗಳಿಗೆ ಸಾಲ್ವೆಂಟ್ ಬೇಡ, ಒತ್ತಿ ಕೂರಿಸಿದರೆ ಸಾಕು. ನಾಳೆ ಬಿಚ್ಚಿ ತೊಳೆಯಬೇಕಲ್ಲ. ಬಾಕ್ಸಿನ ಹೊರಗೆ, ಟ್ಯಾಂಕಿನ ಕೆಳಗಿನ ಪ್ರತಿ ಪೈಪಿಗೂ ಒಂದು ಯೂನಿಯನ್ ಇರಲಿ.

ನಿಮ್ಮ ಕೊನೆಯ ಪ್ರಶ್ನೆ, ಸಂಪಿನಲ್ಲಿ ಜಾಗ. ಮೇಲಿನ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರೆಂದರೆ ಸುಮಾರು 7 ಲೀಟರ್. ಸಂಪು 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದರೆ ಅಲ್ಲಿ 1 ಸೆಂ.ಮೀ. ಎಂದರೆ 3.6 ಲೀಟರ್. ಅಂದರೆ ಮೇಲೆ ಒಂದು ಇಳಿದರೆ ಕೆಳಗೆ ಎರಡು ಏರುತ್ತದೆ. ಪಂಪು ನಿಂತಾಗ ಹಲ್ಲುಗಳ ಮೇಲಿನ ಒಂದು ಚಿಲ್ಲರೆ ಸೆಂ.ಮೀ. ನೀರು 8 ಲೀಟರ್, ಬಾಕ್ಸಿನಿಂದ 6 ಲೀಟರ್, ಪೈಪುಗಳಿಂದ 2 ಲೀಟರ್ ಇಳಿಯುತ್ತದೆ. ಒಟ್ಟು 16 ಲೀಟರ್, ಸಂಪಿನಲ್ಲಿ ನಾಲ್ಕೂವರೆ ಸೆಂ.ಮೀ. ಏರಿಕೆ. ಇದು ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಲ್ಲೇ ಇದ್ದರೆ. ಅದು 5 ಸೆಂ.ಮೀ. ಆಳದಲ್ಲಿದ್ದರೆ ನಿಂತ ಪಂಪಿನ ಮೂಲಕ ನೀರು ಹಿಂದಕ್ಕೆ ಸೈಫನ್ ಆಗಿ ಒಟ್ಟು 43 ಲೀಟರ್ ಇಳಿಯುತ್ತದೆ, ಸಂಪು 12 ಸೆಂ.ಮೀ. ಏರುತ್ತದೆ. ಕರೆಂಟ್ ಹೋದಾಗ ನಿಮ್ಮ ನೆಲ ಒದ್ದೆಯಾಗಿದ್ದರೆ ಹಳೆಯ ಟ್ಯಾಂಕಿನ ರಿಟರ್ನ್ ಬಾಯಿ ಎಷ್ಟು ಆಳದಲ್ಲಿದೆ ಎಂದು ಈಗಲೇ ಹೋಗಿ ನೋಡಿ. ಗಾಳಿ ಎಳೆಯಲಿ ಎಂದು ಪೈಪಿಗೆ ಸಣ್ಣ ತೂತು ಕೊರೆಯುತ್ತಾರೆ, ಅದು ಪಾಚಿಯಿಂದ ಮುಚ್ಚಿಹೋಗುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವಿನಲ್ಲಿ ಒಂದು ಬಸವನಹುಳು ಕೂತರೂ ಅದು ಮುಚ್ಚುವುದಿಲ್ಲ. ಬಾಯಿಯನ್ನು ಮೇಲಿಡುವುದೇ ಖಾತ್ರಿಯ ದಾರಿ. ಇಷ್ಟಾದ ಮೇಲೂ ಸಂಪಿನಲ್ಲಿ 15 ಸೆಂ.ಮೀ. ಖಾಲಿ ಇಡಿ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮಾಡುವುದಿಲ್ಲ. ಮೂರೂ ಡ್ರೈನ್ ಕಟ್ಟಿದವು ಎಂದುಕೊಳ್ಳಿ. ಪಂಪಿನ ಖಾನೆಯಲ್ಲಿ ಇರುವಷ್ಟು ನೀರೆಲ್ಲ ಮೇಲೆ ಬರುತ್ತದೆ, ಆಮೇಲೆ ಪಂಪು ಒಣಗುತ್ತದೆ. ಆ ಖಾನೆ 25 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದು, ಪಂಪಿನ ಬಾಯಿಯ ಮೇಲೆ 15 ಸೆಂ.ಮೀ. ನೀರಿದ್ದರೆ ಅದು 15 ಲೀಟರ್. ಮೇಲೆ 2 ಸೆಂ.ಮೀ. ಏರಿ ನಿಲ್ಲುತ್ತದೆ, ನಿಮಗೆ ಹತ್ತಿರ ಹತ್ತಿರ 3 ಸೆಂ.ಮೀ. ಜಾಗವಿದೆ, ಹೊರಗೆ ಚೆಲ್ಲುವುದಿಲ್ಲ. ಪಂಪಿನ ಖಾನೆ ಚಿಕ್ಕದಾಗಿರಲಿ ಎನ್ನುವುದು ಇದಕ್ಕಾಗಿಯೇ. ಆವಿಯಾದ ನೀರನ್ನು ತುಂಬುವ ಆಟೋ ಟಾಪ್‌ಅಪ್ ಇಟ್ಟಿದ್ದರೆ, ಖಾನೆ ಒಣಗಿದೆ ಎಂದು ಅದು ತನ್ನ ಡಬ್ಬಿಯ ಸಿಹಿನೀರನ್ನೆಲ್ಲ ಸುರಿಯುತ್ತದೆ ಎಂಬುದು ನೆನಪಿರಲಿ. 50 ಲೀಟರಿನ ಡ್ರಮ್ಮನ್ನು ಅದಕ್ಕೆ ಜೋಡಿಸಬೇಡಿ.

ಉಪ್ಪು ಬೆರೆಸುವ ಮೊದಲು ಬರೀ ನಲ್ಲಿ ನೀರಿನಲ್ಲಿ ಎಲ್ಲವನ್ನೂ ಓಡಿಸಿ. ಟ್ಯಾಂಕು, ಸಂಪು ಸೇರಿ 500 ಲೀಟರಿಗೆ ಹದಿನೇಳು ಹದಿನೆಂಟು ಕಿಲೋ ಉಪ್ಪು ಬೇಕಾಗುತ್ತದೆ, ಪರೀಕ್ಷೆಯಲ್ಲಿ ಅದನ್ನು ಕಳೆದುಕೊಳ್ಳುವುದೇಕೆ? ಸಾಲ್ವೆಂಟ್ ಹಾಕಿ 24 ಗಂಟೆ ಬಿಟ್ಟು ನೀರು ತುಂಬಿ. ಗೇಟ್ ವಾಲ್ವ್ ಪೂರ್ತಿ ತೆರೆದು ಪಂಪು ಹಾಕಿ, ಬಾಕ್ಸಿನ ನೀರು ಎರಡನೆಯ ಪೈಪನ್ನು ಮುಟ್ಟುವವರೆಗೆ ವಾಲ್ವನ್ನು ಕಾಲು ಕಾಲು ಸುತ್ತಿನಂತೆ ಮುಚ್ಚುತ್ತಾ, ಪ್ರತಿ ಸಲ ಐದು ನಿಮಿಷ ಕಾಯಿರಿ. ಅವಸರಪಟ್ಟರೆ ಮಟ್ಟ ನಿಮ್ಮ ಕೈಗೆ ಸಿಗದೆ ಓಡುತ್ತದೆ. ಸದ್ದು ನಿಂತ ಮೇಲೆ ಸೈಫನ್ ಪೈಪಿನ ಬಾಯನ್ನು ಅಂಗೈಯಿಂದ ಮುಚ್ಚಿ. ನೀರು ಏರುತ್ತದೆ, ಗಾಳಿ ಟ್ಯೂಬು ಮುಳುಗುತ್ತದೆ, ಎರಡನೆಯ ಪೈಪು ಎಳೆಯುವುದು ನಿಮ್ಮ ಕಿವಿಗೇ ತಿಳಿಯುತ್ತದೆ. ಆಮೇಲೆ ಅದರ ಬಾಯನ್ನೂ ಮುಚ್ಚಿ. ಕೋಡಿ ಒಂದೇ ಇಡೀ ನೀರನ್ನು ತಡೆಯದೆ ಇಳಿಸಬೇಕು. ಇಳಿಸದಿದ್ದರೆ ಆ ಪೈಪನ್ನು ದಪ್ಪ ಮಾಡಿ, ಇಲ್ಲವೇ ಪಂಪಿನ ಹರಿವನ್ನು ಕಡಿಮೆ ಮಾಡಿ. ಇಲ್ಲಿ ರಾಜಿ ಬೇಡ.

ಕೊನೆಗೆ ಮೇನ್ ಸ್ವಿಚ್ ತೆಗೆಯಿರಿ. ಸಂಪಿನ ನೀರು ಏರಿ ನಿಂತ ಕಡೆ ಹೊರಗಿನಿಂದ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಮತ್ತೆ ಹಾಕಿ, ತೆಗೆಯಿರಿ, ಹತ್ತು ಸಲ. ಹತ್ತರಲ್ಲಿ ಒಂದು ಸಲ ಸೈಫನ್ ಹಿಡಿಯದಿದ್ದರೂ ಪೈಪಿನ ಕೆಳತುದಿಯನ್ನು ಅರ್ಧ ಸೆಂ.ಮೀ. ಕತ್ತರಿಸಿ ಮತ್ತೆ ಮೊದಲಿನಿಂದ ನೋಡಿ.